ಉಮ್ಮು ಫಹದ್ ಕೊಟ್ಟ ಮಣ್ಣು

ಕೆಲಸ ಬಿಡುವಾಗ ನಮ್ಮ ಸಂಸ್ಥೆಯಲ್ಲಿ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ನಮ್ಮ ಜಾಗಕ್ಕೆ ಬರುವವರಿಗೆ ಏನೇನು ಒಪ್ಪಿಸಿದೆವು ಎಂದು ಅದರಲ್ಲಿ ಬರೆಯಬೇಕು. ನಾನು ಬರೆದೆ: ಬೀಜ ಇಡುವ ಫ್ರಿಜ್ ಎರಡು, ಮಣ್ಣು ಕಾಯಿಸುವ ಸ್ಟೀಮರ್ ಒಂದು, ನೆರಳುಮನೆಯ ಬೀಗದ ಕೈ ಗೊಂಚಲು ಒಂದು. ಕೊನೆಯಲ್ಲಿ ‘ಇತರೆ’ ಎಂಬ ಸಾಲಿತ್ತು. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದೆ. ಆ ಸಾಲಿನಲ್ಲಿ ಬರೆಯಬೇಕಾಗಿದ್ದುದನ್ನು ಈಗ ಕುವೈತಿನ ಖೈತಾನಿನ ಫ್ಲ್ಯಾಟಿನಲ್ಲಿ ಅರ್ಧ ಕಟ್ಟಿದ ಗಂಟುಮೂಟೆಗಳ ನಡುವೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಮುಗಿಯಲು ಇನ್ನು ಮೂರು ವಾರ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂಬುದು ಆಸೆ. ಓದದಿದ್ದರೂ ಚಿಂತೆಯಿಲ್ಲ, ನನಗೆ ಬರೆಯದೆ ಇರಲಾಗುತ್ತಿಲ್ಲ.

‘ಕುವೈತಿನಲ್ಲಿ ಏನು ಕೆಲಸ’ ಎಂದು ಊರಲ್ಲಿ ಕೇಳಿದವರಿಗೆ ‘ಗಿಡ ನೆಡುತ್ತೇನೆ’ ಎಂದರೆ ನಗುತ್ತಿದ್ದರು. ಗದಗ ಕಡೆಯ ಎರೆಭೂಮಿ ಬಿಟ್ಟುಹೋಗಿ ಮರಳಿನಲ್ಲಿ ಗಿಡ ನೆಡುವವನನ್ನು ಜಾಣ ಎಂದು ಯಾರು ಕರೆದಾರು. ತೋಟಗಾರಿಕೆಯ ಡಿಪ್ಲೊಮಾ ಹಿಡಿದು ಬಂದ ನಾನು ಮೊದಲು ಸೇರಿದ್ದು ಶುಐಬಾದಲ್ಲಿ. ಕಾರ್ಖಾನೆಗಳ ರಸ್ತೆಯುದ್ದಕ್ಕೂ ಕೋನೋಕಾರ್ಪಸ್ ಎಂಬ ಮರ ನೆಡುವುದು, ಟ್ಯಾಂಕರಿನಿಂದ ನೀರು ಬಿಡುವುದು. ಎಲ್ಲಿಂದಲೋ ತಂದ ಮರ ಅದು. ಬೇಗ ಬೆಳೆಯುತ್ತದೆ, ಹಸಿರಾಗಿ ಕಾಣುತ್ತದೆ, ಅಷ್ಟು ಸಾಕಿತ್ತು. ಕೆಲವು ವರ್ಷಗಳ ಮೇಲೆ ಅದರ ಬೇರು ನೀರಿನ ಪೈಪಿಗೆ ನುಗ್ಗಿ ಒಡೆಯತೊಡಗಿದಾಗ ಕಡಿಯುವ ಕೆಲಸವನ್ನೂ ನಮಗೇ ಕೊಟ್ಟರು. ನಾನೇ ಮಗುವಿನಂತೆ ನೀರುಣಿಸಿದ ಮರಗಳನ್ನು ನಾನೇ ಗರಗಸ ಹಾಕಿ ಉರುಳಿಸಿದೆ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಎಲ್ಲ ಸಲ ಅಷ್ಟು ನೇರವಾಗಿ ನಿಜವಾಗುವುದಿಲ್ಲ ಎಂದು ಆಮೇಲೆ ತಿಳಿಯಿತು.

ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. ಹೊರಗಿನ ಮರ ಸಾಕು, ಈ ನೆಲದ ಗಿಡಗಳನ್ನೇ ಮತ್ತೆ ತರೋಣ ಎಂಬ ಮಾತು ಶುರುವಾಗಿತ್ತು. ಯುದ್ಧದ ಟ್ಯಾಂಕುಗಳು, ಆಮೇಲೆ ಚಳಿಗಾಲದ ಡೇರೆಗಳು, ದಾರಿ ಬಿಟ್ಟು ಓಡುವ ಜೀಪುಗಳು, ಲೆಕ್ಕವಿಲ್ಲದೆ ಮೇಯುವ ಕುರಿ ಒಂಟೆಗಳು ಎಲ್ಲ ಸೇರಿ ಮರುಭೂಮಿಯನ್ನೂ ಬೋಳು ಮಾಡಿದ್ದವು. ಬೋಳಾಗಲು ಅಲ್ಲಿ ಏನಿತ್ತು ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಮಳೆಯಾದ ವರ್ಷ ಬೇಲಿ ಹಾಕಿದ ಜಾಗಕ್ಕೆ ಹೋಗಿ ನೋಡಿದವರು ಹಾಗೆ ಕೇಳುವುದಿಲ್ಲ. ಮೊಣಕಾಲೆತ್ತರದ ಅರ್ಫಜ್ ಪೊದೆಗಳು ಹಳದಿ ಹೂವು ಹೊತ್ತು ನಿಂತಿರುತ್ತವೆ, ಕೆಳಗೆ ಹೆಸರು ಗೊತ್ತಿಲ್ಲದ ಹತ್ತು ಹಲವು ಸಣ್ಣ ಗಿಡಗಳು. ಆ ಗಿಡಗಳ ನರ್ಸರಿಗೆ ನನ್ನನ್ನು ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ಕೆಲಸ ಹೇಗಿತ್ತು ಎಂದು ಹೇಳಬೇಕಾದರೆ ರಗ್ರೂಗ್ ಗಿಡದಿಂದ ಶುರುಮಾಡಬೇಕು. ನೆಲಕ್ಕಂಟಿ ಬೆಳೆಯುವ ಬಡಕಲು ಗಿಡ. ಬೀಜ ಸಾಸಿವೆಗಿಂತ ಚಿಕ್ಕದು, ಆದರೆ ಸಿಪ್ಪೆ ಗಟ್ಟಿ, ಸುಮ್ಮನೆ ಬಿತ್ತಿದರೆ ಮೊಳೆಯುವುದಿಲ್ಲ. ಎರಡು ಪಾಲಿಶ್ ಪೇಪರುಗಳ ನಡುವೆ ಇಟ್ಟು ಅಂಗೈಯಿಂದ ಉಜ್ಜಬೇಕು. ಕಡಿಮೆ ಉಜ್ಜಿದರೆ ಬೀಜ ಮಲಗಿಯೇ ಇರುತ್ತದೆ, ಹೆಚ್ಚು ಉಜ್ಜಿದರೆ ಸತ್ತೇಹೋಗುತ್ತದೆ. ನಾನು ಉಜ್ಜುವಾಗ ಸದ್ದು ಕೇಳುತ್ತಿದ್ದೆ. ಕರಕರ ಎನ್ನುವುದು ಸರಸರಕ್ಕೆ ತಿರುಗಿದಾಗ ನಿಲ್ಲಿಸುತ್ತಿದ್ದೆ. ಈಗ ಒಳಗೆ ಪಾಲಿಶ್ ಪೇಪರ್ ಅಂಟಿಸಿದ ಡ್ರಮ್ಮು ಬಂದಿದೆ, ಗುಂಡಿ ಒತ್ತಿದರೆ ಅದೇ ತಿರುಗುತ್ತದೆ. ಡ್ರಮ್ಮಿನದೂ ಒಳ್ಳೆಯ ಕೆಲಸವೇ. ಆದರೂ ಹೊಸಬರು ಒಮ್ಮೆಯಾದರೂ ಕೈಯಲ್ಲಿ ಉಜ್ಜಿ ನೋಡಲಿ.

ನನ್ನ ಮೇಲಧಿಕಾರಿ ಈಜಿಪ್ಟಿನವರು. ಎಲ್ಲರೂ ಡಾಕ್ಟರ್ ಎಂದೇ ಕರೆಯುತ್ತಿದ್ದೆವು. ಬೈದರೆ ಇಡೀ ನೆರಳುಮನೆಗೆ ಕೇಳುವಂತೆ ಬೈಯುತ್ತಿದ್ದರು, ಹೊಗಳಿದರೆ ಆ ಒಬ್ಬನಿಗೇ ಕೇಳುವಂತೆ. ಮೊದಲ ವರ್ಷ ನಾನು ರೈತನ ಮಗನೆಂಬ ಹಮ್ಮಿನಲ್ಲಿದ್ದೆ. ಸಸಿಗೆ ತನ್ನ ಸ್ವಂತ ಮಣ್ಣೇ ಹಿತ ಎಂದುಕೊಂಡು ಅರ್ಫಜ್ ಪೊದೆಯ ಬುಡದ ಮಣ್ಣನ್ನು ಬಾಚಿ ತಂದು, ಕಾಯಿಸದೆ ಹಾಗೇ ಟ್ರೇಗಳಿಗೆ ತುಂಬಿದೆ. ಎರಡು ವಾರದಲ್ಲಿ ಆರು ಟ್ರೇಗಳ ಸಸಿಗಳು ಬುಡ ಕೊಳೆತು ಒಂದರ ಮೇಲೊಂದು ಒರಗಿಬಿದ್ದವು. ಆ ವರ್ಷ ಸಿಕ್ಕ ಬೀಜವೇ ಅಷ್ಟು. ಡಾಕ್ಟರ್ ಬಂದು ನೋಡಿದರು.

“ಇದು ನಿನ್ನ ಊರಿನ ಹೊಲವಲ್ಲ, ಬಸವರಾಜ್” ಎಂದರು. “ಇನ್ನು ಮೇಲೆ ಹೊರಗಿನ ಮಣ್ಣು ಒಂದು ಚಮಚವಾದರೂ ಸರಿ, ಸ್ಟೀಮರಿನಲ್ಲಿ ಕಾಯದೆ ಒಳಗೆ ಬರಕೂಡದು.”

ಅಂದಿನಿಂದ ನಾನು ಸ್ಟೀಮರಿನ ಪೂಜಾರಿಯಾದೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವ ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಕುಂಡ, ಟ್ರೇ, ಕೈಗವಸು, ಕೊನೆಗೆ ಸಲಿಕೆಯನ್ನೂ ಬಿಡದೆ ಹಬೆಗೆ ಹಾಕಿದೆ. ನಮ್ಮ ಡ್ರೈವರ್ ಇಸ್ಮಾಯಿಲ್ ಬಂಟ್ವಾಳ ಕಡೆಯ ಬ್ಯಾರಿ, ಇರುವುದು ಫರ್ವಾನಿಯಾದಲ್ಲಿ. ಹದಿನೆಂಟಕ್ಕೇ ಇಲ್ಲಿಗೆ ಬಂದವನಾದ್ದರಿಂದ ಅರಬ್ಬಿಯನ್ನು ಅರಬರ ಹಾಗೇ ಮಾತಾಡುತ್ತಿದ್ದ. ಅವನು ಬಂದವರಿಗೆಲ್ಲ ಹೇಳುತ್ತಿದ್ದ, “ಬಸಣ್ಣನ ಹತ್ರ ಹೋಗುವಾಗ ಸ್ವಲ್ಪ ದೂರ ನಿಲ್ಲಿ, ಕೈಗೆ ಸಿಕ್ಕಿದ್ರೆ ನಮ್ಮನ್ನೂ ಬೇಯಿಸ್ತಾರೆ.” ನಾನೂ ನಗುತ್ತಿದ್ದೆ. ಅದಾದ ಮೇಲೆ ಒಂದು ಸಸಿಯೂ ಕೊಳೆಯಲಿಲ್ಲ, ನಗದೆ ಏನು.

ಇನ್ನು ಫಗಾ. ಈ ನಾಡಿನವರಿಗೆ ಇದಕ್ಕಿಂತ ದೊಡ್ಡ ತಿನಿಸಿಲ್ಲ. ಮರಳಿನೊಳಗೆ ಬೆಳೆಯುವ ಅಣಬೆ, ಆಲೂಗಡ್ಡೆಯ ಗಾತ್ರ. ಯಾರೂ ಬಿತ್ತುವುದಿಲ್ಲ. ಚಳಿಗಾಲ ಶುರುವಾಗುವ ಹೊತ್ತಿಗೆ ಗುಡುಗಿನೊಂದಿಗೆ ಒಳ್ಳೆಯ ಮಳೆಯಾದರೆ ಎರಡು ಮೂರು ತಿಂಗಳಿಗೆ ಏಳುತ್ತದೆ. ಏಳುವುದೆಂದರೆ ಹೊರಗೆ ಕಾಣುವುದಿಲ್ಲ, ಮೇಲಿನ ಮರಳು ಸಣ್ಣಗೆ ಬಿರಿದು ಉಬ್ಬಿರುತ್ತದೆ, ಅಷ್ಟೇ. ಇಸ್ಮಾಯಿಲ್‌ಗೆ ಇದನ್ನು ವಿವರಿಸಬೇಕಾಗಿರಲಿಲ್ಲ. “ನಮ್ಮಲ್ಲಿ ಕಲ್ಲಣಬೆ ಉಂಟಲ್ಲ, ಅದೇ ಇದು. ಗುಡುಗು ಬಂದ್ರೆ ಏಳುದು” ಎನ್ನುತ್ತಿದ್ದ. ಫಗಾ ಎಲ್ಲೆಂದರಲ್ಲಿ ಏಳುವುದಿಲ್ಲ, ರಗ್ರೂಗ್ ಗಿಡದ ಬೇರಿಗೆ ಅಂಟಿಕೊಂಡೇ ಬೆಳೆಯುತ್ತದೆ. ಗಿಡ ಹೋದಲ್ಲಿ ಫಗಾ ಹೋಯಿತು. ಈಗ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಿನಂಶ ಬೇರೆ ದೇಶಗಳಿಂದ ಬಂದದ್ದು.

ಡಾಕ್ಟರಿಗೆ ಬೇಲಿ ಹಾಕಿದ ಒಂದು ಜಾಗದಲ್ಲಿ ಫಗಾ ಮತ್ತೆ ಎಬ್ಬಿಸಬೇಕೆಂಬ ಹಂಬಲ. ಪುಸ್ತಕ ಓದಿ ಇದು ಆಗುವುದಿಲ್ಲ, ಮರುಭೂಮಿಯಲ್ಲಿ ಡೇರೆ ಹಾಕಿ ಬದುಕಿದ ಹಳೆಯ ಕುಟುಂಬಗಳನ್ನು ಜೊತೆಗೆ ಕರೆದುಕೊಳ್ಳೋಣ ಎಂದರು. ಹಾಗೆ ಬಂದವರಲ್ಲಿ ನಮ್ಮ ಜೊತೆ ಕೊನೆಯವರೆಗೆ ಉಳಿದವರು ಉಮ್ಮು ಫಹದ್, ಅಂದರೆ ಫಹದನ ತಾಯಿ. ಎಪ್ಪತ್ತು ದಾಟಿದ ವಿಧವೆ, ಮನೆ ಜಹ್ರಾದಲ್ಲಿ. ಮೊದಲ ದಿನವೇ ಮಗನ ಜೀಪಿನಿಂದ ಇಳಿದು, ಅಬಾಯಾ ಎತ್ತಿ ಹಿಡಿದುಕೊಂಡು ಬೇಲಿಯೊಳಗೆ ನಡೆದರು. ನಾವು ಗಿಡ ನೆಡಲು ಗುರುತು ಹಾಕಿದ್ದ ಜಾಗ ನೋಡಿ, “ಇಲ್ಲಿ ನೀರು ನಿಲ್ಲುತ್ತದೆ, ಫಗಾ ಕೊಳೆಯುತ್ತದೆ” ಎಂದು ಹತ್ತು ಹೆಜ್ಜೆ ಮೇಲಕ್ಕೆ ಹೋಗಿ ಕೋಲು ಊರಿದರು. ಡಾಕ್ಟರ್ ಮರುಮಾತಾಡದೆ ಗೂಟ ಕೀಳಿಸಿ ಅಲ್ಲಿ ಹಾಕಿಸಿದರು.

ನನ್ನನ್ನು ಮೊದಲಿನಿಂದಲೂ ‘ವಲದಿ’ ಎಂದರು, ನನ್ನ ಮಗ ಎಂದು. ನಾನು ಇಲ್ಲಿಯವರ ಹಾಗೆ ‘ಯುಮ್ಮಾ’ ಎನ್ನುತ್ತಿದ್ದೆ. ನನ್ನ ಅರಬ್ಬಿ ಅಷ್ಟಕ್ಕೇ ಮುಗಿಯುತ್ತಿತ್ತು, ಮುಂದಿನದಕ್ಕೆ ಇಸ್ಮಾಯಿಲ್ ಬೇಕು.

ಅವರ ತಾಯಿಮನೆಯವರ ಫಗಾ ನೆಲ ಉತ್ತರದಲ್ಲಿತ್ತು. ಬಿಳಿಯ ದಪ್ಪ ಜಾತಿ, ಜುಬೈದಿ ಎನ್ನುತ್ತಾರೆ. ಯುದ್ಧದಲ್ಲಿ ಆ ನೆಲದಲ್ಲಿ ಮೈನ್ ಹೂತರು. ಯುದ್ಧ ಮುಗಿದ ಮೊದಲ ಚಳಿಗಾಲ ಉಮ್ಮು ಫಹದ್ ಅವರ ತಮ್ಮ ಫಗಾ ಹುಡುಕಲು ಅಲ್ಲಿಗೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಆ ಕಡೆಗೆ ಯಾರನ್ನೂ ಬಿಡಲಿಲ್ಲ. ಇದನ್ನು ಅವರು ಒಂದೇ ಸಲ ಹೇಳಿದರು, ಅದೂ ಚಹಾ ಸುರಿಯುತ್ತಾ. “ನನ್ನ ತಾಯಿಯ ಜುಬೈದಿ ಒಮ್ಮೆ ಎದ್ದದ್ದು ನೋಡಿ ಸಾಯಬೇಕು” ಎಂದರು. “ಬೇರೆ ಫಗಾ ಬೇಡ. ಅಂಗಡಿಯಲ್ಲಿ ಬೇಕಾದಷ್ಟು ಇದೆ.”

ಒಂದು ದಿನ ಹಾಲಿನ ಪುಡಿಯ ಹಳೆಯ ದೊಡ್ಡ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ನರ್ಸರಿಗೆ ಬಂದರು. ಡಾಕ್ಟರ್ ರಜೆಯ ಮೇಲೆ ಊರಿಗೆ ಹೋಗಿದ್ದರು. ಡಬ್ಬಿಯಲ್ಲಿ ಮಣ್ಣಿತ್ತು. ಅವರ ಮನೆತನದಲ್ಲಿ ಫಗಾ ಕಿತ್ತು ತಂದರೆ ಹೆರೆದ ಸಿಪ್ಪೆಯನ್ನು ಬಿಸಾಡುತ್ತಿರಲಿಲ್ಲವಂತೆ. ಆ ನೆಲದ ಮಣ್ಣಿನಲ್ಲೇ ಕಲಸಿ ಒಣಗಿಸಿ ಇಟ್ಟು, ಮುಂದಿನ ಮಳೆಗೆ ಮೊದಲು ಒಯ್ದು ಅಲ್ಲೇ ಚೆಲ್ಲಿ ಬರುವುದು. ಈ ಡಬ್ಬಿಯದು ಯುದ್ಧಕ್ಕೆ ಮುಂಚಿನ ಕೊನೆಯ ಕೊಯಿಲಿನದು. ಚೆಲ್ಲಲು ಆ ನೆಲ ಇರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದರು.

“ಪ್ರತಿ ಗಿಡದ ಬುಡಕ್ಕೆ ಒಂದು ಹಿಡಿ ಹಾಕು. ತೊಳೆಯಬೇಡ, ಜರಡಿ ಹಿಡಿಯಬೇಡ. ಹೀಗೇ ಹಾಕು” ಎಂದರು. ಇಸ್ಮಾಯಿಲ್ ಅದನ್ನು ಎರಡು ಸಲ ಹೇಳಿದ. ಎರಡು ಸಲವೂ ನಾನು ತಲೆಯಾಡಿಸಿದೆ.

ಅವರು ಹೋದ ಮೇಲೆ ಡಬ್ಬಿ ಬಿಚ್ಚಿ ನೋಡಿದೆ. ಬೂದು ಬಣ್ಣದ ಮರಳು, ಅದರಲ್ಲಿ ಒಣಗಿ ಕರಿಯಾದ ಚೂರುಗಳು, ಒಂಟೆಯ ಹಿಕ್ಕೆಯ ಪುಡಿ. ನನ್ನ ಕಣ್ಣಿಗೆ ಕಂಡದ್ದು ಕೊಳೆತ ಆರು ಟ್ರೇಗಳು. ತೊಳೆಯಬೇಡ ಎಂದಿದ್ದಾರೆ, ತೊಳೆಯುವುದಿಲ್ಲ. ಜರಡಿಯೂ ಹಿಡಿಯುವುದಿಲ್ಲ. ಕಾಯಿಸಬೇಡ ಎಂದು ಹೇಳಿಲ್ಲವಲ್ಲ. ಮುದುಕಿಗೆ ಸ್ಟೀಮರ್ ಎಂಬುದಿದೆ ಎಂದು ಗೊತ್ತೇ ಇರಲಿಲ್ಲ, ಬೇಡ ಎಂದು ಹೇಗೆ ಹೇಳಿಯಾರು. ಅದನ್ನು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಇಡೀ ಡಬ್ಬಿಯ ಮಣ್ಣನ್ನು ಸ್ಟೀಮರಿಗೆ ಸುರಿದು ಎರಡು ಗಂಟೆ ಕಾಯಿಸಿದೆ. ಆರಿದ ಮೇಲೆ ಒಂದೊಂದು ಹಿಡಿಯಂತೆ ಭಕ್ತಿಯಿಂದ ಬೇಲಿಯೊಳಗಿನ ರಗ್ರೂಗ್ ಗಿಡಗಳ ಬುಡಕ್ಕೆ ಹಾಕಿದೆ.

ಸಂಜೆ ಮನೆಗೆ ಬಂದು, ಊಟಕ್ಕೆ ಕೂತಾಗ ಗಿರಿಜಾಳಿಗೆ ಹೇಳಿದೆ. ನನ್ನ ಹೆಂಡತಿ ಶಾಲೆ ಹೆಚ್ಚು ಓದಿದವಳಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಲ್ರೀ, ಅದು ಚರಗ ಇದ್ದಂಗಲ್ಲೇನು?” ಎಂದಳು. “ಎಳ್ಳ ಅಮಾಸಿಗೆ ನಾವು ಹೊಲಕ್ಕ ಚರಗ ಚೆಲ್ಲೂದಿಲ್ಲ? ಬೆಳದದ್ದರಾಗ ಒಂದಿಷ್ಟು ಭೂಮಿತಾಯಿಗೆ ತಿರುಗಿ ಕೊಡೂದು. ಆ ಮುದುಕಿ ತಮ್ಮವ್ವನ ಹೊಲದ ಚರಗ ತಂದು ನಿಮ್ಮ ಕೈಯಾಗ ಕೊಟ್ರ, ನೀವು ಅದನ್ನ ಕುದಿಸಿದ್ರ್ಯಾ?”

ನಾನು ತುತ್ತು ಕೆಳಗಿಟ್ಟೆ. ಚರಗ ಚೆಲ್ಲುತ್ತಾ ಹೊಲ ಸುತ್ತಿ ಬೆಳೆದ ನನಗೆ ಅದು ಹೊಳೆಯಲಿಲ್ಲ, ರೊಟ್ಟಿ ಬಡಿಯುತ್ತಿದ್ದ ಅವಳಿಗೆ ಹೊಳೆಯಿತು. ಅಣಬೆಗೆ ಬೀಜ ಎಲ್ಲಿಂದ ಬರುತ್ತದೆ ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆ ಕರಿ ಚೂರುಗಳೇ ಬೀಜ. ಒಣಗಿ ಇಷ್ಟು ವರ್ಷ ಜೀವ ಹಿಡಿದುಕೊಂಡಿದ್ದನ್ನು ಎರಡು ಗಂಟೆಯಲ್ಲಿ ಕೊಂದಿದ್ದೆ.

ಡಾಕ್ಟರ್ ರಜೆ ಮುಗಿಸಿ ಬಂದ ದಿನ ಅವರ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಬೈಯುತ್ತಾರೆ, ಎಲ್ಲರಿಗೂ ಕೇಳುತ್ತದೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಯಮ ಮಾಡಿದವನು ನಾನು. ನನ್ನದೂ ತಪ್ಪಿದೆ” ಎಂದರು. “ಆದರೆ ಆ ತಾಯಿಗೆ ನೀನೇ ಹೇಳಬೇಕು. ಇವತ್ತೇ ಹೋಗು. ಇವತ್ತು ಕಷ್ಟ, ನಾಳೆ ಇದಕ್ಕಿಂತ ಕಷ್ಟ.”

ಅವತ್ತೇ ಹೋದೆ, ಇಸ್ಮಾಯಿಲ್ ಜೊತೆಗಿದ್ದ, ಹೋಗುವಾಗ ಅವನಿಗೂ ಎಲ್ಲ ಹೇಳಿದ್ದೆ. ಬರುತ್ತೇವೆಂದು ಫೋನಿನಲ್ಲಿ ತಿಳಿದು ಉಮ್ಮು ಫಹದ್ ನಮಗಾಗಿ ಮಜ್ಬೂಸ್ ಎಂಬ ಮಾಂಸದ ಅನ್ನ ಮಾಡಿಸಿದ್ದರು. ತಟ್ಟೆಯ ತುಂಬ ಅನ್ನ, ನಾನು ಮಾಂಸ ತಿನ್ನುವುದಿಲ್ಲವೆಂದು ನನ್ನ ಪಾಲಿನದರಲ್ಲಿ ಬರೀ ಕಡಲೆ, ದ್ರಾಕ್ಷಿ. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, “ಹಾಕಿದೆಯಾ ಮಗನೇ?”

“ಹಾಕಿದೆ ಯುಮ್ಮಾ” ಎಂದೆ.

ಸುಳ್ಳಲ್ಲ. ಪ್ರತಿ ಗಿಡಕ್ಕೂ ಹಾಕಿದ್ದೆ. ಅವರು ಎರಡೂ ಕೈ ಎತ್ತಿ ನನಗೂ ನನ್ನ ಮಕ್ಕಳಿಗೂ ಒಳ್ಳೆಯದಾಗಲಿ ಎಂದು ಬೇಡಿಕೊಂಡರು. ಆಮೇಲೆ ಹೇಳುವುದು ಹೇಗೆ.  

ಮರುವರ್ಷ ಡಾಕ್ಟರ್ ಒಪ್ಪಂದ ಮುಗಿದು ತಮ್ಮ ದೇಶಕ್ಕೆ ಹೋದರು. ಹೊರಡುವಾಗ ಕೈ ಕುಲುಕಿ, “ಹೇಳಿದೆಯಾ?” ಎಂದರು. ಇಲ್ಲ ಎಂದೆ. ಅವರು ಹೂಂ ಎಂದು ಕೈ ಬಿಟ್ಟರು.

ಗಿಡಗಳು ಮಾತ್ರ ಚೆನ್ನಾಗಿ ಬೆಳೆದವು. ಬುಡ ಹರಡಿ, ಹೂಬಿಟ್ಟು, ತಾವೇ ಬೀಜ ಉದುರಿಸಿ ಮರಿ ಮಾಡಿದವು. ಬಂದ ಅತಿಥಿಗಳೆಲ್ಲ ನಿಂತು ಫೋಟೋ ತೆಗೆಸಿಕೊಂಡರು. ಬುಡದಲ್ಲಿ ಏನೂ ಇರಲಿಲ್ಲ. ಪ್ರತಿ ಚಳಿಗಾಲ ಗುಡುಗಿನ ಮಾರನೆಯ ದಿನ ಇಸ್ಮಾಯಿಲ್‌ಗೆ ಉಮ್ಮು ಫಹದ್ ಫೋನು ಮಾಡುತ್ತಿದ್ದರು. “ನಿನ್ನೆಯ ಗುಡುಗು ಕೇಳಿಸಿತೇ? ಈ ವರ್ಷ ಏಳುತ್ತದೆ, ಮಗನಿಗೆ ಹೇಳು.” ಜನವರಿ ಕೊನೆಯಲ್ಲಿ ತಾವೇ ಬರುತ್ತಿದ್ದರು. ಬಗ್ಗಿ, ಮರಳಿನ ಬಿರುಕು ಹುಡುಕುತ್ತಾ ಒಂದೊಂದೇ ಗಿಡ ನೋಡಿಕೊಂಡು ಹೋಗುವರು. ನಾನು ಹಿಂದೆ ಹಿಂದೆ ನಡೆಯುವೆ. ಇಲ್ಲವೆಂದು ಗೊತ್ತಿದ್ದೂ ಅವರ ಜೊತೆ ಹುಡುಕುವೆ. ಹೋಗುವಾಗ ನನ್ನನ್ನೇ ಸಮಾಧಾನ ಮಾಡುವರು, “ನೆಲಕ್ಕೆ ಸಮಯ ಬೇಕು. ನೀನು ಬೇಜಾರು ಮಾಡಿಕೊಳ್ಳಬೇಡ.”

ಗಿರಿಜಾ ವರ್ಷಕ್ಕೊಮ್ಮೆ ಹೇಳುತ್ತಿದ್ದಳು, “ಹೇಳಿಬಿಡ್ರಿ. ಬೈತಾಳ, ಎರಡು ದಿನ ಅಳ್ತಾಳ, ಮುಗೀತದ. ಹೇಳದ ಇದ್ರ ಮುಗಿಯೂದಿಲ್ಲ ಅದು.” ಮುಂದಿನ ಸಲ ಹೇಳುತ್ತೇನೆ ಎನ್ನುತ್ತಿದ್ದೆ.

ಕೊರೊನಾ ಬಂತು. ಉಮ್ಮು ಫಹದ್ ಬದುಕಿಕೊಂಡರು, ಆದರೆ ಅವರ ಮೂಗಿಗೆ ವಾಸನೆ ತಿಳಿಯದಾಯಿತು. ಕಣ್ಣೂ ಮಂಜಾಯಿತು. ಅದಾಗಿ ಎರಡು ಚಳಿಗಾಲ ಬೇಲಿಯ ಕಡೆ ಬರಲಾಗಲಿಲ್ಲ. ಮೂರನೆಯ ಚಳಿಗಾಲ ಫಹದ್ ಫೋನು ಮಾಡಿದ. ಅಮ್ಮನಿಗೆ ಹೃದಯದ ತೊಂದರೆ, ಒಮ್ಮೆ ಗಿಡಗಳ ಹತ್ತಿರ ಕರೆದುಕೊಂಡು ಹೋಗು ಎನ್ನುತ್ತಿದ್ದಾರೆ, ಶುಕ್ರವಾರ ಬರುತ್ತೇವೆ ಎಂದ.

ಗುರುವಾರ ನಾನು ಇಸ್ಮಾಯಿಲ್‌ನನ್ನು ಕರೆದುಕೊಂಡು ಫಗಾ ಮಾರುಕಟ್ಟೆಗೆ ಹೋದೆ. ಬಿಳಿಯ ದಪ್ಪ ಜುಬೈದಿ ನಾಲ್ಕು ಆರಿಸಿದೆ. ಯಾವ ದೇಶದ್ದೋ ಕೇಳಲಿಲ್ಲ. ಇಸ್ಮಾಯಿಲ್‌ಗೆ ಆಗಲೇ ಅರ್ಥವಾಯಿತು.

“ಇದು ಬೇಡ ಮಾರಾಯ್ರೆ” ಎಂದ. “ಹೇಳ್ಲಿಕ್ಕೆ ಆಗದ್ದು ಒಂದು ಸಂಗತಿ. ಇದು ಬೇರೆಯೇ.”

“ಅವರಿಗೆ ಇನ್ನೊಂದು ಚಳಿಗಾಲ ಇಲ್ಲ, ಭಾಯಿ. ನೋಡಿ ಹೋಗಲಿ.”

“ಅವರು ನೋಡುವುದು ಎಂತ? ನಿಮ್ಮ ಮುಖ ಉಳಿಸ್ಲಿಕ್ಕೆ ಮಾಡುದು ಇದು.”

ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಇನ್ನರ್ಧದಲ್ಲಿ ನನಗೆ ಆ ಮುದುಕಿಯ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಯಾವ ಅರ್ಧಕ್ಕೆ ಎಷ್ಟು ಪಾಲು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಅವರು ಬರುವ ಮೊದಲು ನಾಲ್ಕನ್ನೂ ನಾಲ್ಕು ಗಿಡಗಳ ಬುಡದಲ್ಲಿ ಹೂತೆ. ಮೇಲೆ ನೀರು ಚಿಮುಕಿಸಿ, ಮರಳು ಒಣಗಿದ ಮೇಲೆ ಬೆರಳಿನಿಂದ ಉಬ್ಬಿಸಿ ಬಿರುಕು ಮಾಡಿದೆ. ಇಷ್ಟು ವರ್ಷ ಅವರ ಹಿಂದೆ ನಡೆದು ಕಲಿತದ್ದು ಅದಕ್ಕೆ ಉಪಯೋಗವಾಯಿತು.

ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಗಿಡದ ಹತ್ತಿರ ಇಳಿಸಿ ಎಂದರು. ಮರಳಿನ ಮೇಲೆ ಕೂತು ಅಂಗೈ ಆಡಿಸಿದರು. ಎರಡನೆಯ ಗಿಡದ ಬುಡದಲ್ಲಿ ಕೈ ನಿಂತಿತು. ಉಗುರಿನಿಂದ ಮೆಲ್ಲಗೆ ಕೆದಕಿದರು, ಬೆರಳು ಸುತ್ತಲೂ ಹೋಯಿತು, ಹೊರಗೆ ಬಂದಾಗ ಅಂಗೈ ತುಂಬ ಜುಬೈದಿ ಇತ್ತು. ಮೂಗಿಗೆ ಹಿಡಿದರು, ಏನೂ ತಿಳಿಯದೆ ಕೆನ್ನೆಗೆ ಒತ್ತಿಕೊಂಡರು. ಅಳು ಬಂತು. ತಾಯಿಯ ಹೆಸರು ಹೇಳಿದರು, ತಮ್ಮನ ಹೆಸರು ಹೇಳಿದರು. ಫಹದ್ ಮನೆಯವರಿಗೆಲ್ಲ ಫೋನು ಮಾಡಿದ. ಗಂಟೆಯೊಳಗೆ ಹೆಣ್ಣುಮಕ್ಕಳು, ಸೊಸೆಯಂದಿರು ಎಲ್ಲ ಬಂದು ಸೇರಿದರು, ಚಹಾ ಬಂತು. ಇಸ್ಮಾಯಿಲ್ ದೂರದಲ್ಲಿ ಗಾಡಿಯ ಆಚೆ ಬದಿಗೆ ಹೋಗಿ ಕೂತ. ಆಫೀಸಿಗೆ ಮಾತ್ರ ನಿಜ ಹೇಳಿದೆ. ಡಾಕ್ಟರರ ಜಾಗಕ್ಕೆ ಬಂದಿದ್ದ ಹೊಸ ಸಾಹೇಬರು ನಕ್ಕು, “ಮುದುಕಿಗೆ ಖುಷಿಯಾಯಿತಲ್ಲ, ಖಲಾಸ್” ಎಂದರು.

ಹೊಸಬರಿಗೆ ಹೇಳಬೇಕಾದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಿನದನ್ನು ಬರೆದ ಮೇಲೆ ಬುದ್ಧಿ ಹೇಳುವ ಮುಖ ನನಗಿರುವುದಿಲ್ಲ. ಮಣ್ಣು ಕಾಯಿಸಿ, ನಿಯಮ ಒಳ್ಳೆಯದೇ. ಆದರೆ ಯಾರಾದರೂ ಮನೆಯಿಂದ ತಂದು ಕೈಯಲ್ಲಿಟ್ಟರೆ, ಅದು ಏನು, ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೂತು ಕೇಳಿ. ನಿಮ್ಮ ಡಿಪ್ಲೊಮಾದ ಮಾತು ಕೇಳಬೇಡಿ, ನಿಮ್ಮ ತಾಯಿ ಹೊಲದಲ್ಲಿ ಏನು ಮಾಡುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಿ. ತಪ್ಪಾದರೆ ಅವತ್ತೇ ಹೇಳಿ. ಆ ಬೇಲಿಯೊಳಗೆ ಇವತ್ತಿನವರೆಗೂ ಒಂದು ಫಗಾ ಎದ್ದಿಲ್ಲ. ಡಬ್ಬಿಯಲ್ಲಿ ಕೊಟ್ಟದ್ದರಲ್ಲಿ ಒಂದೇ ಒಂದು ಹಿಡಿ ಕಾಯಿಸದೆ ಉಳಿಸಿದ್ದರೂ ಕಥೆ ಬೇರೆಯಾಗುತ್ತಿತ್ತು.

ಆ ಶುಕ್ರವಾರವಾಗಿ ಎರಡು ತಿಂಗಳ ಮೇಲೆ, ಬೇಸಗೆ ಶುರುವಾಗುವ ಹೊತ್ತಿಗೆ ಉಮ್ಮು ಫಹದ್ ಕರೆಸಿದರು. ಇವರಲ್ಲಿ ಒಂದು ಪದ್ಧತಿ ಇದೆ. ಇನ್ನು ಹೆಚ್ಚು ದಿನ ಇಲ್ಲ ಎಂದು ಅನಿಸಿದವರು ಬದುಕಿನಲ್ಲಿ ಸಂಬಂಧ ಬಂದವರನ್ನೆಲ್ಲ ಕರೆಸಿ, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸು ಎಂದು ಕೇಳುತ್ತಾರೆ. ಬಂದವರೂ ತಮ್ಮದನ್ನು ಕೇಳಿಕೊಳ್ಳುತ್ತಾರೆ. ಆಮೇಲೆ ಯಾರಿಗೂ ಯಾರ ಋಣವೂ ಇಲ್ಲ. ಮಧ್ಯಾಹ್ನದ ನಮಾಜಿನ ಮೇಲೆ ನಾವು ಹೋದೆವು. ಹಾಸಿಗೆಯ ಮೇಲೆ ದಿಂಬಿಗೆ ಒರಗಿದ್ದರು, ಕೈ ಕಡ್ಡಿಯಾಗಿತ್ತು. ನನ್ನ ಕೈ ಹಿಡಿದುಕೊಂಡು ಮಾತಾಡಿದರು. ಇಸ್ಮಾಯಿಲ್ ಮಂಚದ ಇನ್ನೊಂದು ಬದಿಯಲ್ಲಿ ನಿಂತು ಒಂದೊಂದೇ ವಾಕ್ಯ ಕನ್ನಡಕ್ಕೆ ಹೇಳುತ್ತಾ ಹೋದ.

“ನಿನ್ನ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ಮಗನೇ. ನಿನ್ನನ್ನು ಪೂರ್ತಿ ನಂಬಲಿಲ್ಲ. ಪರದೇಶದವನು, ನೌಕರಿಗೆ ಬಂದವನು, ನಮ್ಮ ಮಣ್ಣಿನ ಬೆಲೆ ಇವನಿಗೇನು ಗೊತ್ತು ಎಂದುಕೊಂಡೆ. ಅದಕ್ಕೇ ನಿನಗೆ ಅರ್ಧ ಮಣ್ಣು ಮಾತ್ರ ಕೊಟ್ಟೆ. ಇನ್ನರ್ಧವನ್ನು ಬೇರೊಂದು ಡಬ್ಬಿಯಲ್ಲಿ ಮನೆಯಲ್ಲೇ ಮುಚ್ಚಿಟ್ಟಿದ್ದೆ.”

ಇಸ್ಮಾಯಿಲ್ ಅದನ್ನು ಕನ್ನಡಕ್ಕೆ ಹೇಳಿ ನನ್ನ ಕಡೆ ನೋಡಿದ. ನಾನು ಅವನಿಗೆ, ಎಲ್ಲಿದೆ ಕೇಳು, ಈಗ ಎಲ್ಲಿದೆ ಕೇಳು ಎಂದೆ. ಅವನು ಕೇಳಿದ. ಅವರು ನಕ್ಕರು, ನನ್ನ ಕೈ ತಟ್ಟಿದರು.

“ಆ ದಿನ ನಿನ್ನ ಗಿಡದ ಬುಡದಲ್ಲಿ ಜುಬೈದಿ ಸಿಕ್ಕಿತಲ್ಲ, ಮನೆಗೆ ಬಂದು ಡಬ್ಬಿ ತೆಗೆಸಿದೆ. ತುಕ್ಕು ಹಿಡಿದಿತ್ತು. ನೆಲದಲ್ಲೇ ಎದ್ದ ಮೇಲೆ ಡಬ್ಬಿ ಇನ್ನು ಯಾಕೆ ಎಂದು ಚೆಲ್ಲಿಸಿಬಿಟ್ಟೆ, ಅಂಗಳ ತೊಳೆಯುವ ನೀರಿನಲ್ಲಿ ಹೋಯಿತು. ಎಷ್ಟು ವರ್ಷದ ಭಾರ ಇಳಿಯಿತು ಗೊತ್ತೇ. ನಿನ್ನನ್ನು ನಂಬದೆ ಇದ್ದದ್ದಕ್ಕೆ ನನ್ನನ್ನು ಕ್ಷಮಿಸು.”

 ಅವರು ಕಾಯುತ್ತಿದ್ದರು, ಮಂಜುಗಣ್ಣು ನನ್ನ ಮುಖ ಇರುವ ಕಡೆಗೆ ತಿರುಗಿತ್ತು. ಇಸ್ಮಾಯಿಲ್ ಬಗ್ಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದ, “ಬಸಣ್ಣ, ಈಗ ನೀವೂ ಕೇಳಿ. ಇದು ಕೇಳುವ ಹೊತ್ತು. ಇನ್ನು ಆಗ್ಲಿಕ್ಕಿಲ್ಲ.”

ನಾನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಕ್ಷಮಿಸಿದ್ದೇನೆ ಯುಮ್ಮಾ” ಎಂದೆ. ಇಸ್ಮಾಯಿಲ್ ಅದನ್ನು ಅರಬ್ಬಿಯಲ್ಲಿ ಹೇಳಿದ. ಅವರು ಕಣ್ಣು ಮುಚ್ಚಿ ದೇವರಿಗೆ ಶುಕ್ರ್ ಹೇಳಿದರು. ನಾನು ನನ್ನದನ್ನು ಕೇಳಲಿಲ್ಲ.